ಬ್ಲೇಡಿನ ಬೆನ್ನಿಗೊಂದು ತಗಡು

ನಾನು ಐಟಿಐಗೆ ಅರ್ಜಿ ಹಾಕಿದ್ದು ಫಿಟ್ಟರ್ ಟ್ರೇಡಿಗೆ, ಸಿಕ್ಕಿದ್ದು ಕಾರ್ಪೆಂಟರ್. 2006ರಲ್ಲಿ ಆಯ್ಕೆಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ ದಿನ ಅಪ್ಪಯ್ಯ ಅದನ್ನು ಎರಡೆರಡು ಸಲ ಓದಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತ ಮೇಲೆ ನಗೋಕೆ ಶುರು ಮಾಡಿದ. "ಆಚಾರ್ರ ಮನೆ ಹುಡುಗಂಗೆ ಮರಗೆಲಸ ಕಲಿಸೋಕೆ ಸರ್ಕಾರ ಮೇಷ್ಟ್ರನ್ನ ಇಟ್ಟಿದೆ ಮಾರಾಯ. ನಿನ್ನಜ್ಜಂಗೆ ಹೇಳ್ಬೇಡ, ಎದೆ ಒಡ್ಕೊಂಡ್‌ಬಿಡ್ತಾನೆ."

ಅಜ್ಜನಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಅವನು ಏನೂ ಹೇಳಲಿಲ್ಲ. ಅಂಗಳದಲ್ಲಿ ಹಲಸಿನ ಹಲಗೆಯನ್ನು ನಯ ಮಾಡಲು ಹತ್ತರಿ ಹೊಡೆಯುತ್ತಿದ್ದವನು ಕೈ ನಿಲ್ಲಿಸಿ, "ಅಲ್ಲಿ ಮೆಷಿನ್ ಇದಾವಂತಲ್ಲ" ಎಂದ. ಅಷ್ಟೆ.

ಹತ್ತನೇ ವಯಸ್ಸಿಗೆ ನನಗೆ ಉಳಿ, ಕೊಡತಿ, ಬೈರಿಗೆ, ಬಾಚಿ ಎಲ್ಲವೂ ಗೊತ್ತಿದ್ದವು. ಬಾಚಿಯನ್ನು ಮುಟ್ಟಲು ಬಿಡುತ್ತಿರಲಿಲ್ಲ, ಮಿಕ್ಕದ್ದಕ್ಕೆಲ್ಲ ಕೈ ಹಾಕಿದ್ದೆ. ಹಾಗಾಗಿ ಐಟಿಐ ವರ್ಕ್‌ಶಾಪಿನ ಬಾಗಿಲಲ್ಲಿ ಮೊದಲ ದಿನ ನಿಂತಾಗ ಉಳಿದವರು ಹೊಸ ನೀಲಿ ಡ್ರೆಸ್ಸಿನೊಳಗೆ ಮುದುಡಿಕೊಂಡಿದ್ದರೆ ನಾನೊಬ್ಬ ಬೀಗುತ್ತಿದ್ದೆ. ಸಿಮೆಂಟ್ ಶೀಟಿನ ಉದ್ದನೆ ಶೆಡ್ಡು. ಎಡಕ್ಕೆ ಸಾಲಾಗಿ ಬೆಂಚು, ಬೆಂಚಿಗೊಂದು ವೈಸು. ಬಲಕ್ಕೆ ಹಳದಿ ಗೆರೆ ಎಳೆದು, ಅದರಾಚೆ ಮೆಷಿನ್‌ಗಳು: ಬ್ಯಾಂಡ್ ಸಾ, ದುಂಡು ಬ್ಲೇಡಿನ ಸರ್ಕ್ಯುಲರ್ ಸಾ, ಸರ್ಫೇಸ್ ಪ್ಲೇನರ್, ಥಿಕ್‌ನೆಸ್ ಪ್ಲೇನರ್, ತೂತು ಹೊಡೆಯುವ ಮೋರ್ಟೈಸರ್, ಮರ ತಿರುಗಿಸಿ ಕಡೆಯುವ ಎರಡು ಟರ್ನಿಂಗ್ ಲೇತ್. ಎಲ್ಲದಕ್ಕೂ ಹಸಿರು ಬಣ್ಣ, ಎಲ್ಲವೂ ನನಗಿಂತ ವಯಸ್ಸಿನಲ್ಲಿ ದೊಡ್ಡವು. ಗೋಡೆಯಲ್ಲಿ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೀಗ. ಬೀಗದ ಕೈ ಸರ್ ಸೊಂಟದಲ್ಲಿ.

ಆ ಬೀಗ ತೆಗೆಯಲಿಕ್ಕೆ ಅವರು ಆರು ವಾರ ತಗೊಂಡರು.

ಆರು ವಾರವೂ ಕೈಗೆಲಸ. ಗರಗಸ ಹಿಡಿದು ಗೆರೆಯ ಮೇಲೆ ಕೊಯ್ಯುವುದು, ಹತ್ತರಿ ಹೊಡೆದು ನಾಲ್ಕೂ ಮೈ ಚೌಕ ಮಾಡುವುದು, ಮರಕ್ಕೆ ಮರ ಕೂಡಿಸುವ ಹಾಫ್ ಲ್ಯಾಪ್, ಆಮೇಲೆ ಟೆನನ್, ಆಮೇಲೆ ಡವ್‌ಟೇಲ್. ಐಟಿಐ ಭಾಷೆಯಲ್ಲಿ ಪ್ರತಿಯೊಂದೂ ಒಂದು 'ಜಾಬ್'. ಉಳಿದವರು ಮೊದಲ ಜಾಬಿಗೆ ಐದು ದಿನ ಒದ್ದಾಡಿದರೆ ನಾನು ಒಂದೂವರೆ ದಿನಕ್ಕೆ ಮುಗಿಸಿ ಮೇಜಿನ ಮೇಲಿಟ್ಟೆ. ಸರ್ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡಿದರು. "ಕೈ ಪಳಗಿದೆ" ಎಂದರು. ನಾನು ಉಬ್ಬಿದೆ. "ನಿನ್ನದೇ ಕಷ್ಟ" ಎಂದು ಸೇರಿಸಿ ಮುಂದಿನ ಬೆಂಚಿಗೆ ಹೋದರು.

ಅದರ ಅರ್ಥ ತಿಳಿಯಲು ನನಗೆ ಡಿಸೆಂಬರ್ ಬರಬೇಕಾಯಿತು.

ಕೈಗರಗಸದಲ್ಲಿ ಕೊಯ್ಯಲು ಶುರು ಮಾಡುವಾಗ ಎಡಗೈ ಹೆಬ್ಬೆರಳನ್ನು ಗೆರೆಯ ಪಕ್ಕ ಊರಿ, ಅದರ ಉಗುರಿಗೆ ತಾಗಿಸಿ ಗರಗಸ ನಡೆಸಬೇಕು. ಅಜ್ಜ ಕಲಿಸಿದ್ದು ಹಾಗೆ, ಅದು ಸರಿಯೂ ಹೌದು. ಆದರೆ ಅದೇ ಹೆಬ್ಬೆರಳು ಸರ್ಕ್ಯುಲರ್ ಸಾ ಮೇಜಿನ ಮೇಲೂ ತನ್ನಷ್ಟಕ್ಕೆ ಗೆರೆಯ ಪಕ್ಕಕ್ಕೆ ಹೋಗುತ್ತದೆ. ಹತ್ತರಿ ಹೊಡೆಯುವಾಗ ಗಂಟು ಸಿಕ್ಕರೆ ಮೊದಲು ಮಣಿಕಟ್ಟಿಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಎಳೆ ತಿರುಗಿದ್ದರೆ ಅಲಗು ಕಚ್ಚುವ ಸದ್ದಿನಲ್ಲೇ ತಿಳಿದು, ಹಲಗೆಯನ್ನು ಹಿಂದುಮುಂದು ಮಾಡುತ್ತೇವೆ. ತಪ್ಪಾಗುವುದಕ್ಕೂ ತಪ್ಪು ತಿಳಿಯುವುದಕ್ಕೂ ನಡುವೆ ಅಲ್ಲಿ ಸಮಯ ಇದೆ. ಮೂರು ಎಚ್‌ಪಿ ಮೋಟರಿನಲ್ಲಿ ಆ ಸಮಯ ಇಲ್ಲ. ಗಂಟು ಬಂದದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ, ನಿಮಗೆ ಹೇಳುವುದೂ ಇಲ್ಲ.

ಇದನ್ನು ಸರ್ ಮಾತಿನಲ್ಲಿ ಹೇಳಲಿಲ್ಲ, ಲೆಕ್ಕದಲ್ಲಿ ಮಾಡಿಸಿದರು. ವರ್ಕ್‌ಶಾಪ್ ಕ್ಯಾಲ್ಕುಲೇಶನ್ ಅಂತ ನಮಗೊಂದು ವಿಷಯ ಇತ್ತು, ಎಲ್ಲರೂ ತೂಕಡಿಸುವ ತರಗತಿ ಅದು. ಬೋರ್ಡಿನ ಮೇಲೆ ಬರೆದರು: ಬ್ಲೇಡಿನ ವ್ಯಾಸ 300 ಮಿಲಿಮೀಟರ್, ಮೋಟರು ನಿಮಿಷಕ್ಕೆ 2,880 ಸುತ್ತು, ಒಂದು ಹಲ್ಲಿನ ವೇಗ ಗಂಟೆಗೆ ಎಷ್ಟು ಕಿಲೋಮೀಟರ್? ಪರಿಧಿ 942 ಮಿಲಿಮೀಟರ್, ಸೆಕೆಂಡಿಗೆ 48 ಸುತ್ತು, ಅಂದರೆ ಸೆಕೆಂಡಿಗೆ 45 ಮೀಟರ್. ಗಂಟೆಗೆ 160 ಕಿಲೋಮೀಟರಿಗೂ ಹೆಚ್ಚು. "ನೀವು ಕುಂತು ಬರೋ ಬಸ್ಸು ಎಷ್ಟರಲ್ಲಿ ಹೋಗುತ್ತೆ?" ಎಂದು ಕೇಳಿದರು. ಹಿಂದಿನ ಬೆಂಚಿನವನು, "ನಮ್ಮೂರ ಬಸ್ಸು ಮೂವತ್ತು ಸರ್, ಇಳಿಜಾರಾದ್ರೆ ನಲವತ್ತು" ಎಂದ. ಎಲ್ಲರೂ ನಕ್ಕೆವು. ಆ ದಿನ ಯಾರೂ ತೂಕಡಿಸಲಿಲ್ಲ.

ಬೀಗ ತೆಗೆದ ದಿನ ಮೊದಲು ನಡೆದದ್ದು ಮೈ ತಪಾಸಣೆ. ಉಂಗುರ, ವಾಚು ತೆಗೆದು ಡಬ್ಬಿಗೆ. ತೋಳು ಮೊಣಕೈ ಮೇಲಕ್ಕೆ ಮಡಚಬೇಕು, ಅಂಗಿ ಒಳಗೆ ಸೇರಿಸಬೇಕು. ಚಪ್ಪಲಿಯಲ್ಲಿ ಬಂದ ಇಬ್ಬರನ್ನು ವಾಪಸ್ ಕಳಿಸಿದರು. ನನ್ನ ಕೈಯಲ್ಲಿ ಸಿಗಂದೂರಿನಿಂದ ತಂದು ಅಮ್ಮ ಕಟ್ಟಿದ್ದ ದಾರ ಇತ್ತು. ಅದನ್ನು ಬಿಚ್ಚು ಅಂದರೆ ಹೇಗೆ? ಸರ್ ಸ್ವಲ್ಪ ಯೋಚಿಸಿ, "ಬಿಚ್ಚಿ ರಟ್ಟೆಗೆ ಕಟ್ಕೋ, ತೋಳಿನ ಒಳಗೆ ಇರುತ್ತೆ. ದೇವಿ ಅಲ್ಲಿಂದಲೂ ನೋಡ್ತಾಳೆ" ಎಂದರು. ನಮ್ಮ ಬ್ಯಾಚಿನಲ್ಲಿ ಒಬ್ಬಳೇ ಹುಡುಗಿ. ಅವಳ ಜಡೆ ಮೊಣಕಾಲಿಗೆ ಬರುವಷ್ಟಿತ್ತು. ಅದನ್ನು ಸುತ್ತಿ ಟೋಪಿಯೊಳಗೆ ತುರುಕಿದರೆ ಟೋಪಿಯೇ ನಿಲ್ಲುತ್ತಿರಲಿಲ್ಲ. ಮಾರನೇ ದಿನ ಅವಳು ಮೀನು ಹಿಡಿಯುವ ಬಲೆಯ ತುಂಡನ್ನು ಮಡಚಿ ಹೊಲಿದು ತಲೆಗೊಂದು ಚೀಲ ಮಾಡಿಕೊಂಡು ಬಂದಳು.

ನಾನು ಮಾತ್ರ ಜಾಣನಂತೆ ಪೇಟೆಯಿಂದ ಒಂದು ಜೊತೆ ದಪ್ಪ ಹತ್ತಿ ಗ್ಲೌಸ್ ತಂದಿದ್ದೆ. ಸುರಕ್ಷತೆ ಅಂದರೆ ಅದೇ ಅಲ್ಲವೇ? ಸರ್ ಅದನ್ನು ಕಸಿದುಕೊಂಡು, ನಿಂತಿದ್ದ ಡ್ರಿಲ್ಲಿಂಗ್ ಮೆಷಿನ್ನಿನ ಬಿಟ್ಟಿಗೆ ಅದರ ಒಂದು ಎಳೆ ಸಿಕ್ಕಿಸಿ ಸ್ವಿಚ್ ಹಾಕಿದರು. ಗ್ಲೌಸು ಒಂದೇ ಉಸಿರಿಗೆ ಬಿಟ್ಟಿಗೆ ಸುತ್ತಿಕೊಂಡು ಗಂಟಾಯಿತು. "ಬರಿ ಬೆರಳಾದ್ರೆ ತುದಿ ಹೋಗ್ಬಹುದು. ಇದಾದ್ರೆ ಕೈಯನ್ನೇ ಒಳಗೆ ಕರ್ಕೊಂಡು ಹೋಗುತ್ತೆ." ತಿರುಗುವ ಮೆಷಿನ್ನಿನ ಹತ್ತಿರ ಗ್ಲೌಸ್ ಹಾಕಬಾರದು, ಹಲಗೆ ಹೊತ್ತು ತರುವಾಗ ಹಾಕಬಹುದು. ಈಗಲೂ ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ಇದು ತಲೆಕೆಳಗಾಗಿಯೇ ಗೊತ್ತಿರುತ್ತದೆ.

ಮೆಷಿನ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. 1948ರ ಫ್ಯಾಕ್ಟರಿ ಕಾಯಿದೆಯ 23ನೇ ಸೆಕ್ಷನ್ನು. ಅಪಾಯಕಾರಿ ಯಂತ್ರದ ಮೇಲೆ ಎಳೆಯ ವಯಸ್ಸಿನವರನ್ನು ನಿಲ್ಲಿಸುವ ಮೊದಲು ಅದರ ಅಪಾಯಗಳನ್ನು ಪೂರ್ತಿ ತಿಳಿಸಿರಬೇಕು, ಸಾಕಷ್ಟು ತರಬೇತಿ ಕೊಟ್ಟಿರಬೇಕು, ಇಲ್ಲವೇ ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. ಹದಿನಾರು ತುಂಬಿದ ನಾವು ಆ ಎಳೆಯರು. "ನಿಮ್ಮಪ್ಪ ಅಮ್ಮ ಹೆದರಿಸಿದ್ದು ಬೇರೆ, ಇದು ಕಾನೂನು ಹೆದರಿಸ್ತಿರೋದು, ನನ್ನನ್ನ" ಎನ್ನುತ್ತಿದ್ದರು ಸರ್.

ಅವರದೊಂದು ಪದ್ಧತಿ ಇತ್ತು. ಸ್ವಿಚ್ ಮುಟ್ಟುವ ಮೊದಲು ನಾವು ಮೆಷಿನ್ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು: ಬಲಗೈ ಎಲ್ಲಿರುತ್ತದೆ, ಎಡಗೈ ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ, ಕೊಯ್ದ ತುಂಡು ಎಲ್ಲಿ ಬೀಳುತ್ತದೆ, ನಾನು ಎಲ್ಲಿ ನಿಂತಿದ್ದೇನೆ, ಗಾರ್ಡು ಇದೆಯೇ, ಮರ ಎಗರಿದರೆ ಯಾವ ಕಡೆಗೆ ಎಗರುತ್ತದೆ. ಇದಕ್ಕೆ ನಾವು 'ಮಗ್ಗಿ ಹೇಳುವುದು' ಅಂತ ಹೆಸರಿಟ್ಟೆವು. ಹದಿನಾರರ ಹುಡುಗರು ಗರಗಸದ ಮುಂದೆ ಕೈಕಟ್ಟಿ ನಿಂತು ಒಂದನೇ ಕ್ಲಾಸಿನವರ ಹಾಗೆ ಒಪ್ಪಿಸುವುದನ್ನು ನೋಡಲು ಫಿಟ್ಟರ್ ಟ್ರೇಡಿನವರು ಕಿಟಕಿಯಲ್ಲಿ ನಿಲ್ಲುತ್ತಿದ್ದರು. ನಮಗೆ ಅವಮಾನ. ಒಂದು ಪದ ತಪ್ಪಿದರೂ ಮತ್ತೆ ಮೊದಲಿಂದ.

ಮೊದಲು ಕೊಟ್ಟದ್ದು ಬ್ಯಾಂಡ್ ಸಾ. ಅದರ ಬ್ಲೇಡು ಮೇಲಿಂದ ಕೆಳಕ್ಕೆ ಓಡುವುದರಿಂದ ಮರವನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ, ನಿಮ್ಮ ಕಡೆಗೆ ಎಸೆಯುವುದಿಲ್ಲ. ಮೇಲಿನ ಗೈಡನ್ನು ಮರಕ್ಕೆ ಒಂದು ಬೆರಳಿನಷ್ಟು ಎತ್ತರಕ್ಕೆ ಇಳಿಸಿಕೊಂಡರೆ ತೆರೆದ ಬ್ಲೇಡು ಅಷ್ಟೇ ಕಾಣುತ್ತದೆ. ಉರುಟು ಕಟ್ಟಿಗೆಯನ್ನು ಮಾತ್ರ ಹಾಗೇ ಇಡಬಾರದು, ಅದು ಉರುಳಿ ಕೈಯನ್ನೂ ಜೊತೆಗೆ ಉರುಳಿಸುತ್ತದೆ. ಒಮ್ಮೆ ಬ್ಲೇಡ್ ತುಂಡಾಗಿ ಮಡಕೆ ಒಡೆದ ಹಾಗೆ ಸದ್ದಾಯಿತು, ಮುಚ್ಚಳದೊಳಗೇ ಸುತ್ತಿ ಬಿದ್ದಿತ್ತು. ಅದು ಬಿಟ್ಟರೆ ಬ್ಯಾಂಡ್ ಸಾ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಸಾಧು ಪ್ರಾಣಿ.

ನನಗೆ ಹೆದರಿಕೆಯಾದದ್ದು ಸರ್ಫೇಸ್ ಪ್ಲೇನರ್. ಎರಡು ಕಬ್ಬಿಣದ ಮೇಜು, ನಡುವೆ ಒಂದು ಸೀಳು, ಸೀಳಿನೊಳಗೆ ಮೂರು ಅಲಗು ಕೂರಿಸಿದ ಉರುಳೆ. ತಿರುಗುವಾಗ ಅಲಗು ಕಾಣುವುದೇ ಇಲ್ಲ, ಬೆಳ್ಳಗೆ ಹೊಗೆಯ ಹಾಗೆ ಏನೋ ಒಂದು ಇರುತ್ತದೆ. ಗರಗಸ ಕೊಯ್ದರೆ ಬೆರಳನ್ನು ಹೊಲಿಯಬಹುದೇನೋ, ಇದು ಕೊಯ್ಯುವುದಿಲ್ಲ, ಹೆರೆಯುತ್ತದೆ. ಒಂದಡಿಗಿಂತ ಗಿಡ್ಡ ತುಂಡನ್ನು ಕೊಡಬಾರದು, ಏಕೆಂದರೆ ಸೀಳು ದಾಟುವಾಗ ಅದು ಮೂತಿ ಕೆಳಗೆ ಹಾಕುತ್ತದೆ. ಹಲಗೆಯ ಹಿಂಬದಿಗೆ ಹೆಬ್ಬೆರಳು ಇಟ್ಟು ನೂಕಬಾರದು, ತಳ್ಳುವುದಕ್ಕೆ ಹಿಡಿಯಿರುವ ಮರದ ತುಂಡು ಬೇರೆ ಇದೆ. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರ್ ಸಾಕು, ಆಸೆ ಪಡಬಾರದು.

ಆದರೆ ಅದು ಮಾಡುವ ಕೆಲಸ! ಅಜ್ಜ ಬೆಳಗಿನಿಂದ ಮಧ್ಯಾಹ್ನದವರೆಗೆ ಬೆವರು ಸುರಿಸಿ ಮಟ್ಟ ಮಾಡುತ್ತಿದ್ದ ಹಲಗೆ ಎರಡು ನಿಮಿಷಕ್ಕೆ ಕನ್ನಡಿ. ನಾನು ಒಂದು ಮತ್ತಿ ಹಲಗೆಯನ್ನು ಹಾಗೆ ಮಾಡಿ, ಸರ್ ಅನುಮತಿ ತಗೊಂಡು, ಶನಿವಾರ ಮನೆಗೆ ಒಯ್ದೆ. ಅಜ್ಜ ಜಗಲಿಯಲ್ಲಿ ಕೂತು ಅದನ್ನು ಬೆಳಕಿಗೆ ಓರೆ ಹಿಡಿದ, ಉಗುರಿನಿಂದ ಉದ್ದಕ್ಕೂ ಮೆಲ್ಲಗೆ ಕೆರೆದ. "ಅಲೆ ಇದೆ" ಎಂದ. ನನಗೆ ಸಿಟ್ಟು ಬಂತು. ಆದರೆ ನಿಜ, ಇತ್ತು. ಉರುಳೆ ದುಂಡಗೆ ತಿರುಗಿ ಹೆರೆಯುವುದರಿಂದ ಪ್ರತಿ ಅಲಗೂ ಒಂದು ಸಣ್ಣ ಹಳ್ಳ ಬಿಡುತ್ತದೆ, ಮರವನ್ನು ಬೇಗ ನೂಕಿದಷ್ಟೂ ಹಳ್ಳದ ನಡುವಿನ ದೂರ ಹೆಚ್ಚು. ಅಜ್ಜ ಎದ್ದು ಸಣ್ಣ ಹತ್ತರಿ ತಂದು ಎರಡೇ ಎರಡು ಎಳೆತ ಎಳೆದ. ಈರುಳ್ಳಿ ಸಿಪ್ಪೆಯಂಥ ಹೊಟ್ಟು ಸುರುಳಿಯಾಗಿ ಬಂತು. "ಈಗ ನೋಡು. ಮೆಷಿನ್ ಕತ್ತೆ ಕೆಲಸ ಮಾಡ್ಲಿ, ಒಳ್ಳೇದೇ. ಕಡೇ ಎರಡು ಎಳೆತ ನೀನು ಹೊಡಿ." ಇವತ್ತಿಗೂ ನನ್ನ ಬಾಗಿಲುಗಳ ಮುಂಬದಿಗೆ ಅದನ್ನೇ ಮಾಡುತ್ತೇನೆ. ಕೂಲಿ ಲೆಕ್ಕದಲ್ಲಿ ಅದು ನಷ್ಟ.

ಮಲೆನಾಡಿನಲ್ಲಿ ಮೆಷಿನ್ ಕಲಿಯುವವರಿಗೆ ಒಂದು ಪಾಠ ಹೆಚ್ಚು ಇರುತ್ತದೆ. ಅದು ಯಾವ ಪುಸ್ತಕದಲ್ಲೂ ಮೊದಲ ಪುಟದಲ್ಲಿ ಸಿಗುವುದಿಲ್ಲ, ಕರೆಂಟು. ನಮ್ಮಲ್ಲಿ ಲೋಡ್ ಶೆಡ್ಡಿಂಗ್ ಜೋರು, ತ್ರೀ ಫೇಸ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಒಳ್ಳೆ ಸ್ಟಾರ್ಟರ್ ಇದ್ದರೆ ತೊಂದರೆಯಿಲ್ಲ. ಕರೆಂಟು ಹೋದೊಡನೆ ಅದರೊಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಮೆಷಿನ್ ಏಳುವುದಿಲ್ಲ. ನಮ್ಮ ಹಳೆಯ ಲೇತಿಗೆ ಅದಿರಲಿಲ್ಲ, ಕೈಯಲ್ಲಿ ತಿರುಗಿಸುವ ಸ್ವಿಚ್ಚು. ಒಂದು ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಹೇಗೂ ಒಂದು ಗಂಟೆಗೆ ಬರುವುದು ಅಂತ ಎಲ್ಲರೂ ಚಾ ಕುಡಿಯಲು ಹೊರಟರು. ಲೇತಿನಲ್ಲಿದ್ದವನು ತನ್ನ ಅರ್ಧ ಕಡೆದ ಬೇಲನ್ನು, ರೊಟ್ಟಿ ಲಟ್ಟಿಸುವ ಲಟ್ಟಣಿಗೆ ಅದು, ಬಿಚ್ಚಲೆಂದು ತುದಿಯ ಚಕ್ರವನ್ನು ಸಡಿಲ ಮಾಡಿದ. ಅಷ್ಟರಲ್ಲಿ ಸ್ನೇಹಿತ ಕರೆದನೆಂದು ಬಾಗಿಲ ಕಡೆ ಎರಡು ಹೆಜ್ಜೆ ಹೋದ. ಕರೆಂಟು ಬಂತು. ಲಟ್ಟಣಿಗೆ ಮೇಲೆದ್ದು ಸಿಮೆಂಟ್ ಶೀಟಿಗೆ ಬಡಿದು, ಶೀಟಿನಲ್ಲಿ ತೂತು ಮಾಡಿ, ಕೆಳಗೆ ಬಿದ್ದು ಉರುಳಿತು. ಮಳೆಗಾಲ ಮುಗಿಯುವವರೆಗೆ ಆ ತೂತಿನಿಂದ ನೀರು ಲೇತಿನ ಮೇಲೇ ಸುರಿಯುತ್ತಿತ್ತು. ಕೆಳಗೊಂದು ಬಕೆಟ್ ಇಟ್ಟಿದ್ದೆವು.

ಸರ್ ಅವನನ್ನು ಬೈಯಲಿಲ್ಲ. ಮಧ್ಯಾಹ್ನ ಎಲ್ಲರನ್ನೂ ಮೆಷಿನ್ ಮುಂದೆ ನಿಲ್ಲಿಸಿ ತಾವೇ ಮೇನ್ ಆಫ್ ಮಾಡಿದರು. "ಕರೆಂಟ್ ಹೋಯ್ತು. ಏನ್ ಮಾಡ್ತೀರಿ?" ಯಾರೋ ನಕ್ಕರು. ಅವರು ಮತ್ತೆ ಹಾಕಿ ಮತ್ತೆ ತೆಗೆದರು. ಬಲ್ಬು ಆರಿದ್ದೇ ತಡ ಎಲ್ಲರ ಕೈ ತಮ್ಮ ತಮ್ಮ ಸ್ವಿಚ್ಚಿಗೆ ಹೋಗುವವರೆಗೆ ಆ ವಾರವಿಡೀ ಹಗಲು ಹೊತ್ತಿನಲ್ಲಿ ಹಾಗೆ ಕತ್ತಲು ಬೆಳಕಿನ ಆಟ ಆಡಿಸಿದರು.

ಡಿಸೆಂಬರ್ ಹೊತ್ತಿಗೆ ನನಗೆ ಹೆದರಿಕೆ ಹೋಗಿತ್ತು. ಎಂದು ಹೋಯಿತು ಅಂತ ಹೇಳಲಾರೆ, ಜ್ವರ ಬಿಟ್ಟ ಹಾಗೆ ಗೊತ್ತಾಗದೆ ಹೋಗಿತ್ತು. ಮಗ್ಗಿ ಈಗ ನಿದ್ದೆಯಲ್ಲೂ ಬರುತ್ತಿತ್ತು, ಅಂದರೆ ಬಾಯಿ ಹೇಳುತ್ತಿತ್ತು, ಕಣ್ಣು ನೋಡುತ್ತಿರಲಿಲ್ಲ.

ಆವತ್ತು ಸ್ಟೂಲಿನ ಪಟ್ಟಿಗೆಂದು ಒಂದಿಂಚು ದಪ್ಪದ ಹಲಸಿನ ಹಲಗೆಯನ್ನು ಉದ್ದಕ್ಕೆ ಸೀಳುತ್ತಿದ್ದೆ. ಸರ್ಕ್ಯುಲರ್ ಸಾ ಬ್ಲೇಡಿನ ಹಿಂದೆ, ಅದರ ಬೆನ್ನಿಗೆ ಅಂಟಿಕೊಂಡ ಹಾಗೆ, ಬಾಗಿದ ಒಂದು ಉಕ್ಕಿನ ತಗಡು ನಿಂತಿರುತ್ತದೆ. ರೈವಿಂಗ್ ನೈಫ್ ಅನ್ನುತ್ತಾರೆ. ನೋಡಿದರೆ ಏನೂ ಕೆಲಸ ಮಾಡದ ಹಾಗೆ ಕಾಣುವ ವಸ್ತು. ಮರ ಅನ್ನುವುದು ಒಣಗುವಾಗ ತನ್ನೊಳಗೆ ಬಿಗಿ ಕಟ್ಟಿಕೊಂಡಿರುತ್ತದೆ. ಸೀಳಿದಾಗ ಆ ಬಿಗಿ ಬಿಡುತ್ತದೆ. ಒಮ್ಮೊಮ್ಮೆ ಸೀಳು ಬಾಯಿ ಅಗಲಿಸುತ್ತದೆ, ಒಮ್ಮೊಮ್ಮೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡರೆ ಬ್ಲೇಡಿನ ಹಿಂಭಾಗವನ್ನು ಕಚ್ಚುತ್ತದೆ. ಬ್ಲೇಡಿನ ಮುಂದಿನ ಹಲ್ಲು ಕೆಳಕ್ಕೆ ಇಳಿಯುತ್ತಿದ್ದರೆ ಹಿಂದಿನ ಹಲ್ಲು ಮೇಜಿನಡಿಯಿಂದ ಮೇಲಕ್ಕೆ ಏಳುತ್ತಿರುತ್ತದೆ. ಅದು ಕಚ್ಚಿದ ಮರವನ್ನು ಎತ್ತಿ, ತಲೆಯ ಮೇಲಿಂದ ಎಳೆದು, ನೂಕುತ್ತಿರುವವನ ಕಡೆಗೇ ಬಿಸಾಡುತ್ತದೆ. ಸೀಳು ಮುಚ್ಚದ ಹಾಗೆ ನಡುವೆ ನಿಲ್ಲುವುದೊಂದೇ ಆ ತಗಡಿನ ಕೆಲಸ.

ಹಿಂದಿನ ದಿನ ಇನ್ನೊಂದು ಬ್ಯಾಚಿನವರು ಹಲಗೆಗೆ ಕಾಲುವೆ ತೋಡಲೆಂದು ಅದನ್ನು ತೆಗೆದಿದ್ದರು. ಮರ ಪೂರ್ತಿ ಸೀಳದೆ ಕಾಲುವೆಯಷ್ಟೇ ತೋಡುವಾಗ ಆ ತಗಡು ಅಡ್ಡ ಬರುತ್ತದೆ. ಮತ್ತೆ ಹಾಕಿರಲಿಲ್ಲ. "ಗಾರ್ಡು ಇದೆ" ಎಂದು ನಾನು ಮಗ್ಗಿಯಲ್ಲಿ ಹೇಳಿದ್ದೆ. ಬ್ಲೇಡಿನ ಎಡಕ್ಕೆ ಸರಿದು ನಿಂತಿದ್ದೇನೆ ಎಂದೂ ಹೇಳಿದ್ದೆ. ನಿಂತದ್ದು ಬ್ಲೇಡಿನ ನೇರಕ್ಕೇ.

ಮುಕ್ಕಾಲು ಪಾಲು ಸೀಳಿರಬೇಕು. ಮೋಟರಿನ ದನಿ ಸ್ವಲ್ಪ ಕುಗ್ಗಿತು. ಅಜ್ಜನ ಮನೆಯ ಕೈ, ಏನು ಮಾಡಿತು? ಹತ್ತರಿ ಸಿಕ್ಕಿಕೊಂಡರೆ ಏನು ಮಾಡುತ್ತದೋ ಅದನ್ನೇ, ಇನ್ನಷ್ಟು ಬಲ ಹಾಕಿ ನೂಕಿತು. ಆಮೇಲಿನದು ನನಗೆ ನೆನಪಿರುವುದು ಸದ್ದು ಮಾತ್ರ. ಬಾಗಿಲನ್ನು ಒದ್ದ ಹಾಗೆ. ಹಲಗೆ ಕೈಯಲ್ಲಿರಲಿಲ್ಲ. ನಾನು ನೆಲದಲ್ಲಿ ಕೂತಿದ್ದೆ, ಬಲ ತೊಡೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೆರಳು ಎಣಿಸಿಕೊಂಡೆ, ಹತ್ತೂ ಇದ್ದವು. ಪಕ್ಕದ ಬೆಂಚಿನವನು ಓಡಿ ಬಂದು ಸ್ವಿಚ್ ಆಫ್ ಮಾಡಿದ. ಸರ್ ಆಫೀಸಿಗೆ ಹೋಗಿದ್ದರು. "ಹೇಳ್ಬೇಡ ಮಾರಾಯ" ಎಂದೆ ಅವನಿಗೆ.

ಸಂಜೆ ಹೊತ್ತಿಗೆ ತೊಡೆಯ ಮೇಲೆ ಒಂದಿಂಚು ಅಗಲದ, ಸ್ಕೇಲಿಟ್ಟು ಎಳೆದಂಥ ನೀಲಿ ಪಟ್ಟಿ ಎದ್ದಿತು. ನಾಲ್ಕು ಬೆರಳು ಎಡಕ್ಕೆ ಬಿದ್ದಿದ್ದರೆ ಎಲ್ಲಿ ಬೀಳುತ್ತಿತ್ತು ಎಂಬುದನ್ನು ಬರೆಯುವುದಿಲ್ಲ. ಮನೆಯಲ್ಲಿ ಸೈಕಲ್ಲಿಂದ ಬಿದ್ದೆ ಎಂದೆ. ಅಮ್ಮ ಬಿಸಿನೀರಿನ ಶಾಖ ಕೊಟ್ಟಳು, ಅಜ್ಜ ಗಾಯವನ್ನು ನೋಡಿದ, ನನ್ನ ಮುಖ ನೋಡಿದ, ಎದ್ದು ಹೊರಗೆ ಹೋದ.

ಮಾರನೇ ದಿನ ಕುಂಟುತ್ತಾ ಒಳಗೆ ಬಂದೆ. ಸರ್ ಏನಾಯಿತು ಎಂದು ಕೇಳಲೇ ಇಲ್ಲ. "ಎಲ್ಲಿ ನಿಂತಿದ್ದೆ?" ಎಂದರು. ಕೈಗೆ ಸೀಮೆಸುಣ್ಣ ಕೊಟ್ಟರು. ನಿಂತ ಜಾಗದಲ್ಲಿ ನಾನು ಎರಡು ಪಾದದ ಗುರುತು ಮಾಡಿದೆ. ಅವರು ಬ್ಲೇಡಿನಿಂದ ದಾರ ಹಿಡಿದು ನೆಲಕ್ಕೆ ಗೆರೆ ಎಳೆದರು. ಗೆರೆ ಎರಡು ಪಾದದ ನಡುವೆ ಹಾದುಹೋಯಿತು. "ತಗಡೆಲ್ಲಿ?" ಎಂದರು. ಹುಡುಕಿದೆವು. ಟೂಲ್ ರೂಮಿನ ಕೆಳಗಿನ ಡ್ರಾಯರಿನಲ್ಲಿ ಮೆಷಿನ್ ಒರೆಸುವ ಬನಿಯನ್ ವೇಸ್ಟಿನೊಳಗೆ ಸುತ್ತಿಟ್ಟಿತ್ತು. ನನ್ನ ಕೈಯಲ್ಲೇ ಕೂರಿಸಲು ಹೇಳಿದರು. ತಗಡು ಬ್ಲೇಡಿನ ತಟ್ಟೆಗಿಂತ ದಪ್ಪ ಇರಬೇಕು, ಹಲ್ಲು ತೋಡುವ ಸೀಳಿಗಿಂತ ತೆಳು ಇರಬೇಕು, ಬ್ಲೇಡಿನ ಹಲ್ಲಿಗೂ ಅದಕ್ಕೂ ನಡುವೆ ಎಂಟು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಅಳೆಯಲು ಸರ್ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಕೊಟ್ಟರು. ಪೆನ್ಸಿಲ್ ಹಿಡಿಸಬೇಕು, ಆದರೆ ಆಡಬಾರದು. ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದೆ.

ಆಮೇಲೆ ಅವರು ಲಾಗ್ ಪುಸ್ತಕ ತೆಗೆದು ಬರೆದರು. ನಾನು ಹೆಗಲ ಮೇಲಿಂದ ಇಣುಕಿದೆ. ನನ್ನ ಹೆಸರು ಬರೆಯುತ್ತಾರೆ, ಅಪ್ಪಯ್ಯನಿಗೆ ಕಾಗದ ಹೋಗುತ್ತದೆ ಎಂದುಕೊಂಡಿದ್ದೆ. ಬರೆದದ್ದು ಇಷ್ಟು: ರೈವಿಂಗ್ ನೈಫ್ ಇಲ್ಲದೆ ಮೆಷಿನ್ ಓಡಿದೆ, ಒಬ್ಬ ತರಬೇತಿ ವಿದ್ಯಾರ್ಥಿಗೆ ಪೆಟ್ಟು, ಮೇನ್ ಬೀಗ ತೆರೆದಿಟ್ಟು ಬೋಧಕ ಹೊರಗೆ ಹೋದದ್ದು ಕಾರಣ. ಕೆಳಗೆ ತಮ್ಮ ಸಹಿ. ನಾನು, "ಸರ್, ತಪ್ಪು ನಂದು" ಎಂದೆ. "ನಿಂದೂ ಇದೆ. ಈ ಪುಸ್ತಕ ನಂದು" ಎಂದು ಮುಚ್ಚಿದರು. ಆ ಪೆಟ್ಟಿನ ಬಣ್ಣ ನೀಲಿಯಿಂದ ಹಸಿರಾಗಿ ಹಳದಿಯಾಗಿ ಹೋಗಲು ಮೂರು ವಾರ ಬೇಕಾಯಿತು.

ಅಲ್ಲಿಂದಾಚೆ ಒಂದು ತಿಂಗಳು ನಾನು ಆ ಮೆಷಿನ್ ಮುಂದೆ ಹೋಗಲಿಲ್ಲ, ಲೇತಿನಲ್ಲಿ ಅಡಗಿಕೊಂಡೆ. ಲೇತಿನಲ್ಲಿ ನಮ್ಮ ಬ್ಯಾಚಿನ ರಾಣಿ ಆ ಬಲೆಚೀಲದ ಹುಡುಗಿ. ನಾವು ಗಂಡುಹುಡುಗರು ಉಳಿಯನ್ನು ಈಟಿಯ ಹಾಗೆ ಮರಕ್ಕೆ ಚುಚ್ಚುತ್ತಿದ್ದೆವು, ಅದು ಕಚ್ಚಿ ಎಗರುತ್ತಿತ್ತು. ಅವಳು ಉಳಿಯ ಇಳಿಜಾರನ್ನು ಮೊದಲು ಮರದ ಮೇಲೆ ಸವರಲು ಬಿಟ್ಟು, ಹಿಡಿಯನ್ನು ನಿಧಾನ ಎತ್ತುತ್ತಿದ್ದಳು. ಹೊಟ್ಟು ದಾರದ ಹಾಗೆ ಬರುತ್ತಿತ್ತು. ಎಲ್ಲಿ ಕಲಿತೆ ಎಂದರೆ, "ಮಜ್ಜಿಗೆ ಕಡೆಯೋಕೆ ಯಾರಾದ್ರೂ ಕಲಿಸ್ತಾರಾ?" ಎನ್ನುತ್ತಿದ್ದಳು. ಹಾಕುವ ಮೊದಲು ಮರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲವೆಂದು ನೋಡುವುದು, ಮರಳುಕಾಗದ ಹಿಡಿಯುವಾಗ ಉಳಿ ಊರುವ ಕಂಬಿಯನ್ನು ತೆಗೆದುಬಿಡುವುದು, ಬಟ್ಟೆಯಿಂದ ಎಂದೂ ಉಜ್ಜದಿರುವುದು, ಇವನ್ನೆಲ್ಲ ಅವಳು ಒಮ್ಮೆಯೂ ಮರೆಯಲಿಲ್ಲ. ಆ ವರ್ಷ ನಮ್ಮನ್ನು ಚನ್ನಪಟ್ಟಣಕ್ಕೆ ಕರೆದೊಯ್ದಿದ್ದರು. ಹಾಲೆ ಮರದ ಬೊಂಬೆಯನ್ನು ತಿರುಗಿಸುತ್ತಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ಎಲೆಗರಿಯಿಂದ ಉಜ್ಜಿ ಹೊಳಪು ಬರಿಸುವುದನ್ನು ಅವಳು ಮೂರು ಗಂಟೆ ನಿಂತಲ್ಲೇ ನಿಂತು ನೋಡಿದಳು. ನಾವು ಆಗ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದೆವು.

ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಇಡದೆ ಇದ್ದದ್ದು ಧೂಳು. ಧೂಳು ಎಳೆಯುವ ಮೆಷಿನ್ ಒಂದಿತ್ತು, ಚೀಲ ಹರಿದಿತ್ತು, ಹಾಕಿದರೆ ಒಂದು ಕಡೆ ಎಳೆದು ಇನ್ನೊಂದು ಕಡೆ ಉಗುಳುತ್ತಿತ್ತು. ಬೀಟೆ ಕೊಯ್ದ ದಿನ ಇಡೀ ತರಗತಿ ಸೀನುತ್ತಿತ್ತು, ತೇಗ ಕೊಯ್ದರೆ ನನಗೆ ಮೊಣಕೈ ಒಳಗೆ ತುರಿಕೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಮುಗಿಯಿತು ಎಂದಿದ್ದೆವು. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಸೇರಿಸಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜ ಕೊನೆಯ ವರ್ಷಗಳಲ್ಲಿ ರಾತ್ರಿಯಿಡೀ ಕೆಮ್ಮುತ್ತಿದ್ದ. ಬೀಡಿಯಿಂದ ಎನ್ನುತ್ತಿದ್ದೆವು, ಬೀಡಿಯೂ ಇತ್ತು.

ಐಟಿಐ ಮುಗಿಸಿ ನಾನು ಬೆಂಗಳೂರಿನ ಒಂದು ಫರ್ನಿಚರ್ ಶೆಡ್ಡಿಗೆ ಸೇರಿದೆ. ಮೊದಲ ದಿನ ಅಲ್ಲಿ ಕಂಡದ್ದು: ಕಲ್ಲು ಕೊಯ್ಯುವ ಮಾರ್ಬಲ್ ಕಟ್ಟರನ್ನು ತಲೆಕೆಳಗು ಮಾಡಿ ಪ್ಲೈವುಡ್ ಹಲಗೆಯ ಅಡಿಗೆ ಸ್ಕ್ರೂ ಹೊಡೆದು, ಮೇಲಕ್ಕೆ ಚಾಚಿದ ನಾಲ್ಕಿಂಚಿನ ಬ್ಲೇಡಿಗೆ ಗಾರ್ಡಿಲ್ಲದೆ, ಸ್ವಿಚ್ಚಿಗೆ ವೈರು ಬಿಗಿದು ಸದಾ ಆನ್ ಆಗಿರುವಂತೆ ಮಾಡಿದ್ದರು. ಅದು ಅವರ ಟೇಬಲ್ ಸಾ. ಆ ಪುಟ್ಟ ಮೋಟರು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೇಲೆ. ಊರಲ್ಲೂ ಈಗ ಎಲ್ಲ ಕಡೆ ಇದೇ ಇದೆ. ಇದನ್ನು ಮಾಡುವವರು ದಡ್ಡರಲ್ಲ, ಸಾವಿರಗಟ್ಟಲೆ ಕೊಟ್ಟು ಮೆಷಿನ್ ತಗೊಳ್ಳಲಾಗದವರು. ಆದರೂ ನಾನು ಅದನ್ನು ಮುಟ್ಟಲಿಲ್ಲ. ಮೇಸ್ತ್ರಿ ನನಗೆ 'ಕಾಲೇಜು' ಅಂತ ಹೆಸರಿಟ್ಟ. ದೊಡ್ಡ ಮೆಷಿನ್ನಿಗೆ ನನ್ನನ್ನು ನಿಲ್ಲಿಸಿದಾಗ ನಾನು ಮೊದಲು ಬ್ಲೇಡಿನ ಹಿಂದೆ ನೋಡಿದೆ. ಬೋಲ್ಟಿನ ತೂತುಗಳಿದ್ದವು, ತಗಡಿರಲಿಲ್ಲ. "ಅದು ಅಡ್ಡ ಬರುತ್ತೆ ಅಂತ ಅವತ್ತೇ ಬಿಸಾಕಿದ್ವಿ" ಎಂದ ಮೇಸ್ತ್ರಿ. ಭಾನುವಾರ ಒಂದು ಹಳೆಯ ಬ್ಲೇಡಿನ ತಟ್ಟೆಯನ್ನು ಗ್ಯಾಸ್ ಕಟಿಂಗ್ ಅಂಗಡಿಯಲ್ಲಿ ಕತ್ತರಿಸಿ, ಗ್ರೈಂಡ್ ಮಾಡಿ, ಒಂದು ತಗಡು ಮಾಡಿ ಕೂರಿಸಿದೆ. ಸರಿಯಾದ ದಪ್ಪ ಸಿಗಲು ಮೂರು ಬ್ಲೇಡ್ ಹಾಳು ಮಾಡಿದೆ. ಮೇಸ್ತ್ರಿ ಒಂದು ವಾರ ಬೈದ, ಆಮೇಲೆ ಬೈಯುವುದನ್ನು ನಿಲ್ಲಿಸಿದ. ತೆಗೆಯಲಂತೂ ಇಲ್ಲ.

ಅಮೆರಿಕದಲ್ಲಿ ಸಾಸ್ಟಾಪ್ ಎಂಬ ಗರಗಸ ಇದೆ. ಬೆರಳು ತಾಗಿದೊಡನೆ ಮೈಯ ವಿದ್ಯುತ್ತಿನ ಗುರುತು ಹಿಡಿದು, ಐದು ಮಿಲಿಸೆಕೆಂಡಿನೊಳಗೆ ಅಲ್ಯುಮಿನಿಯಂ ತುಂಡೊಂದನ್ನು ಬ್ಲೇಡಿಗೆ ನುಗ್ಗಿಸಿ ನಿಲ್ಲಿಸಿಬಿಡುತ್ತದೆ. ನನ್ನ ಹುಡುಗರು ಅದರ ವಿಡಿಯೋ ಹಾಕಿಕೊಂಡು ಕೂತಿರುತ್ತಾರೆ. "ಅಣ್ಣಾ, ಇಂಥದ್ದೊಂದು ತರ್ಸಿ." ಬೆಲೆ ಕೇಳಿದ ಮೇಲೆ ಅವರೇ ಸುಮ್ಮನಾದರು. ಅದೂ ಅಲ್ಲದೆ ಅದು ಬೆರಳನ್ನು ಉಳಿಸೀತು, ನನ್ನ ತೊಡೆಗೆ ಬಡಿದಂಥ ಹಲಗೆಯನ್ನು ಅದರ ಬ್ರೇಕು ತಡೆಯುವುದಿಲ್ಲ. ಅದಕ್ಕೆ ಆ ಮೆಷಿನ್ನಿನ ಬೆನ್ನಿಗೂ ಅದೇ ತಗಡು ಬೇಕು.

ಈಗ ಊರಲ್ಲೇ ನನ್ನದೊಂದು ಶೆಡ್ಡಿದೆ. ಮೂರು ಮೆಷಿನ್, ಇಬ್ಬರು ಹುಡುಗರು. ಅಜ್ಜನ ಹತ್ತರಿ ಗೋಡೆಯಲ್ಲಿಲ್ಲ, ಬೆಂಚಿನ ಮೇಲಿದೆ, ಅಲಗು ಸವೆದು ಎರಡಿಂಚು ಉಳಿದಿದೆ. ಹುಡುಗರಿಗೆ ನಾನೂ ಮಗ್ಗಿ ಹೇಳಿಸುತ್ತೇನೆ, ಆದರೆ ಒಂದೇ ಥರ ಅಲ್ಲ. ವಾರಕ್ಕೊಂದು ಸಲ ಬೇಕೆಂದೇ ಏನಾದರೊಂದನ್ನು ಬಿಚ್ಚಿಟ್ಟು, "ಗಾರ್ಡು ಇದೆ" ಅನ್ನುತ್ತಾರೋ ಹೇಗೆ ಎಂದು ನೋಡುತ್ತೇನೆ. ಅಂದದ್ದುಂಟು.

ಕಳೆದ ವಾರ ಮಳೆ ಗಾಳಿಗೆ ಎಲ್ಲೋ ಲೈನಿನ ಮೇಲೆ ಮರ ಬಿತ್ತು.

ಸಂಜೆ ಐದಕ್ಕೇ ಕತ್ತಲಾಗಿತ್ತು, ಪ್ಲೇನರ್ ಓಡುತ್ತಿತ್ತು, ಬಲ್ಬು ಫಕ್ಕನೆ ಆರಿತು. ಉರುಳೆ ತಿರುಗುತ್ತಾ ತಿರುಗುತ್ತಾ ದನಿ ಇಳಿಸುವುದು ಕೇಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕತ್ತಲೆಯ ಎರಡು ಮೂಲೆಯಿಂದ 'ಟಕ್', 'ಟಕ್' ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಒಬ್ಬ, "ಅಣ್ಣಾ, ನಿಮ್ಮದು?" ಎಂದ.

ನನ್ನ ಡ್ರಿಲ್ಲಿಂಗ್ ಮೆಷಿನ್ನಿನ ಸ್ವಿಚ್ಚು ಇನ್ನೂ ಆನ್ ಇತ್ತು.